ಕೇಳಿ ಮುಟ್ಟಿದ ಬಾಗಿಲು

ನಮ್ಮೂರಿನವರು ಬೆಳಗ್ಗೆ ಎದ್ದ ಕೂಡಲೇ ಮೊದಲು ಅಂಗೈ ನೋಡಿಕೊಳ್ಳುತ್ತಾರೆ, ಆಮೇಲೆ ಗುಡ್ಡ ನೋಡುತ್ತಾರೆ. ಬೇರೆ ಊರುಗಳಲ್ಲಿ ಅಂಗೈಯಲ್ಲಿ ದೇವರಿದ್ದಾನೆ ಎಂದು ನೋಡಿಕೊಳ್ಳುತ್ತಾರಂತೆ. ನಾವು ನೋಡಿಕೊಳ್ಳುವುದು ಬಣ್ಣ. ಆ ಬಣ್ಣದ ವಿಶ್ವವಿದ್ಯಾಲಯ ನಿನ್ನೆ ಇದ್ದಲ್ಲೇ ಇದೆಯೋ, ಕೆಳಗೆ ಜಾರಿದೆಯೋ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹಲ್ಲುಜ್ಜುವುದು, ಒಲೆ ಹೊತ್ತಿಸುವುದು ಎಲ್ಲ.

ಗುಡ್ಡದಲ್ಲಿ ಏಳು ವಿಶ್ವವಿದ್ಯಾಲಯಗಳಿವೆ. ಯಾವುದು ಒಂದನೆಯದು, ಯಾವುದು ಏಳನೆಯದು ಎಂದು ಯಾರೂ ಬರೆದು ಅಂಟಿಸುವುದಿಲ್ಲ. ಒಂದನೆಯದು ತುದಿಯಲ್ಲಿರುತ್ತದೆ, ಏಳನೆಯದು ಬುಡದಲ್ಲಿ. ಸ್ಥಾನ ಬದಲಾದ ದಿನ ಅವು ಎದ್ದು ಜಾಗ ಬದಲಾಯಿಸುತ್ತವೆ. ಮಲಗಿದ ಎಮ್ಮೆ ಏಳುವ ಹಾಗೆ ಮೊದಲು ಹಿಂಭಾಗ ಏಳುತ್ತದೆ, ಆಮೇಲೆ ಮುಂಭಾಗ. ಹಾಸ್ಟೆಲಿನ ಹುಡುಗರು ಟ್ರಂಕುಗಳನ್ನು ಮಂಚದ ಕಾಲಿಗೆ ಕಟ್ಟಿಯೇ ಮಲಗುತ್ತಾರೆ. ಮಾಸ್ತರರು ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಾರೆ. ಚಹಾದಂಗಡಿಗಳಿಗೆಲ್ಲ ಗಾಲಿ ಇದೆ.

ಏಳಕ್ಕೂ ಏಳು ಬಣ್ಣದ ಬಾಗಿಲು. ಆ ಬಣ್ಣ ಎಂದೂ ಒಣಗುವುದಿಲ್ಲ. ಸೇರುವವರು ಬಲಗೈ ಒತ್ತಬೇಕು. ಒತ್ತಿದ ಬಣ್ಣ ಸಾಯುವವರೆಗೆ ಹೋಗುವುದಿಲ್ಲ, ಉಳಿದ ಆರು ಬಾಗಿಲು ಆ ಕೈಗೆ ಮತ್ತೆ ತೆರೆಯುವುದಿಲ್ಲ. ಮುಟ್ಟಿದ ಬಾಗಿಲು ಮಾತ್ರ ಎಂದಿಗೂ ತೆರೆದಿರುತ್ತದೆ. ಹಾಗಿದ್ದರೂ ಕಲಿತು ಹೊರಗೆ ಬಂದವರು ಮತ್ತೆ ಒಳಗೆ ಹೋದದ್ದನ್ನು ಯಾರೂ ಕಂಡಿಲ್ಲ. ಹೊಸ ಕೈಗಳಿಗೆ ನಾಗರಪಂಚಮಿಯ ಮಧ್ಯಾಹ್ನದವರೆಗೆ ಅವಕಾಶ, ಅದು ತಪ್ಪಿದರೆ ಮುಂದಿನ ವರ್ಷ.

ಕಚೇರಿಗಳಲ್ಲಿ ಕುರ್ಚಿ ಕೊಡುವಾಗ ಅಂಗೈ ನೋಡುತ್ತಾರೆ. ನೀವು ಮುಟ್ಟಿದಾಗ ಆ ಬಾಗಿಲು ಎಲ್ಲಿತ್ತು ಎಂದಲ್ಲ, ಇವತ್ತು ಎಲ್ಲಿದೆ ಎಂದು. ಹೀಗಾಗಿ ನಿನ್ನೆಯ ಸಾಹೇಬರು ಇವತ್ತು ಚಹಾ ತರುತ್ತಾರೆ, ನಿನ್ನೆ ಚಹಾ ತಂದವರು ಇವತ್ತು ಸಹಿ ಮಾಡುತ್ತಾರೆ. ನಾಳೆ ಏನಾಗುತ್ತದೋ ಎಂದು ಲೋಟವನ್ನು ಇಬ್ಬರೂ ಮರ್ಯಾದೆಯಿಂದಲೇ ಇಡುತ್ತಾರೆ.

ನಮ್ಮ ಅಪ್ಪ ಗುರುಸಿದ್ದಪ್ಪನ ಅಂಗೈ ಹಸಿರು. ಅವನು ಮುಟ್ಟಿದಾಗ ಹಸಿರು ಬಾಗಿಲು ತುದಿಯಲ್ಲಿತ್ತು, ಅವನಿಗೆ ನೀರಿನ ಕಚೇರಿಯ ದೊಡ್ಡ ಕುರ್ಚಿ ಸಿಕ್ಕಿತ್ತು. ನಾನು ಹುಟ್ಟಿದ ಮೇಲೆ ಅದು ಜಾರತೊಡಗಿತು. ನನ್ನ ಕಾಲ್ಗುಣ ಎಂದು ಕೆಲವರು ಆಡಿಕೊಂಡರು, ಅವ್ವ ಅವರ ಮನೆಗೆ ಹೋಗುವುದನ್ನು ಬಿಟ್ಟಳು. ಜಾರುತ್ತ ಜಾರುತ್ತ ಅದು ಬುಡಕ್ಕೆ ಬಂದು ನಮ್ಮ ಹಿತ್ತಲಿಗೇ ಬೆನ್ನು ಹಚ್ಚಿ ಕೂತಿತು. ಅಪ್ಪ ಈಗ ಬಸ್ ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ ಎಡಗೈಯಿಂದ ಟೋಕನ್ ಕೊಡುತ್ತಾನೆ. ಬಲಗೈ ಸದಾ ಅಂಗಿಯ ಕಿಸೆಯಲ್ಲಿ. ಹಿತ್ತಲಲ್ಲಿ ಬದನೆ ಗಿಡಗಳಿಗೆ ಕಾಲುವೆ ತೋಡುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಬಚ್ಚಲ ನೀರನ್ನು ಸಣ್ಣ ಸಣ್ಣ ಕವಲಾಗಿ ಒಡೆದು, ಹೆಂಚಿನ ಚೂರಿನಿಂದ ತಡೆದು ತಿರುಗಿಸಿ, ಒಂದು ಗಿಡವೂ ಬಾಯಾರದಂತೆ ಹರಿಸುತ್ತಿದ್ದ. ಗೋಡೆಯ ಆಚೆ ಪಾಠದ ದನಿ ಕೇಳಿದರೆ ಸಾಕು, ಕಿವಿಗೆ ಬೀಳದಿರಲೆಂದು ಗುದ್ದಲಿಯನ್ನು ಜೋರಾಗಿ ಕಲ್ಲಿಗೆ ಬಡಿಯುತ್ತಿದ್ದ.

ಆ ವರ್ಷ ನಾನು ಪರೀಕ್ಷೆ ಮುಗಿಸಿದ್ದೆ, ಒಳ್ಳೆಯ ಅಂಕ ಬಂದಿದ್ದವು. ಅದೇ ತೊಂದರೆಯಾಯಿತು. ಕಡಿಮೆ ಬಂದಿದ್ದರೆ ತೆರೆದ ಬಾಗಿಲಿಗೆ ಹೋಗಿ ಸುಮ್ಮನಾಗುತ್ತಿದ್ದೆ. ಏಳೂ ಬಾಗಿಲು ತೆರೆಯುತ್ತವೆ ಎಂದಾದ ಮೇಲೆ ನಿದ್ದೆ ಹೋಯಿತು. ನಾನು ಮೊದಲೇ ಕೂತಲ್ಲಿ ಕೂರುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಬಯ್ಯುತ್ತಾಳೆ. ಆಗಂತೂ ಊಟದ ತಾಟಿನ ಮುಂದೆಯೂ ನನ್ನ ಕಾಲು ಅಲ್ಲಾಡುತ್ತಿತ್ತು.

ನಮ್ಮ ಮನೆಯಲ್ಲಿ ಸಂಶೋಧನೆಯ ಅಧಿಕಾರವೆಲ್ಲ ಬಸಲಿಂಗ ಕಾಕಾನದು. ಕಾಕಾ ಅಪ್ಪನ ತಮ್ಮ, ನಲವತ್ತು ದಾಟಿದವನು, ಅಂಗೈ ಇನ್ನೂ ಬಿಳಿ. ಪ್ರತಿ ವರ್ಷ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾನೆ. ಗೆರೆ ಮುಗಿಯುವುದರೊಳಗೆ ಪಂಚಮಿ ಮುಗಿದಿರುತ್ತದೆ. "ಗಾಳಿ ಬಂದಾಗ ತೂರಿಕೋಬೇಕು" ಎನ್ನುವುದು ಅವನ ಮಾತು. ಅವನಿಗೆ ಬೇಕಾದ ಗಾಳಿ ಮಾತ್ರ ಇದುವರೆಗೆ ಬೀಸಿಲ್ಲ. ಅವನ ಬಿಳಿ ಅಂಗೈ ನೋಡಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಒಂದು ಕಡೆ ಅಪ್ಪನ ಹಾಗೆ ತಪ್ಪು ಬಾಗಿಲು ಮುಟ್ಟಿಬಿಟ್ಟರೆ ಎಂಬ ಭಯ, ಇನ್ನೊಂದು ಕಡೆ ಕಾಕಾನ ಹಾಗೆ ಯಾವುದನ್ನೂ ಮುಟ್ಟದೆ ಉಳಿದುಬಿಟ್ಟರೆ ಎಂಬ ಭಯ.

"ಹಳದಿ ತುದಿಯೊಳಗ ಭದ್ರ ಕುಂತೈತಿ. ಮೂರು ವರ್ಷ ಅಳ್ಳಾಡಿಲ್ಲ. ಕಣ್ಣ ಮುಚ್ಚಿ ಮುಟ್ಟು" ಎಂದ ಕಾಕಾ. ಆಮೇಲೆ ಗೋಡೆ ನೋಡಿ, "ಆದ್ರ ನೀಲಿನೂ ಏರಾಕತ್ತೈತಿ. ಒಂದು ವರ್ಷ ತಡದ್ರ ಹೆಂಗ?" ಎಂದ.

"ತಡಿಯೂದು ಗಿಡಿಯೂದು ಏನಿಲ್ಲ. ಹಳದಿ" ಎಂದ ಅಪ್ಪ.

ನಮ್ಮೂರ ಪದ್ಧತಿಯಂತೆ ನಾವು ಹಳದಿಯನ್ನು ನೋಡಲು ಹೋದೆವು. ಹೆಣ್ಣು ನೋಡುವ ಹಾಗೆಯೇ ಇದೂ ಒಂದು ಶಾಸ್ತ್ರ. ಕಾಯಿ, ಎಲೆ ಅಡಿಕೆ ಹಿಡಿದುಕೊಂಡು ಹೋಗಬೇಕು, ಅವರು ಶಿರಾ, ಅವಲಕ್ಕಿ ಕೊಡುತ್ತಾರೆ. ಅಪ್ಪ ಅಂದು ಹೊಸ ಅಂಗಿ ಹಾಕಿದ್ದ, ಅದರ ಕಿಸೆ ಆಳವಾಗಿರಲಿ ಎಂದು ದರ್ಜಿಗೆ ಹೇಳಿ ಹೊಲಿಸಿದ್ದ. ಹಳದಿಯ ಗೋಡೆಗಳೆಲ್ಲ ಗಾಜು. ಎಲ್ಲಿ ನಿಂತರೂ ನಮ್ಮ ಮುಖವೇ ನಮಗೆ ಕಾಣುತ್ತಿತ್ತು. ಕೋಟು ಹಾಕಿದ ಸಾಹೇಬರೊಬ್ಬರು ನನ್ನ ಅಂಕಗಳನ್ನು ನೋಡಿ, "ಇವಳು ಬಂದರೆ ನಮ್ಮ ಸ್ಥಾನಕ್ಕೆ ಒಳ್ಳೆಯದು" ಎಂದರು. ನನಗೆ ಏನು ಕಲಿಯಬೇಕು ಎಂದು ಅವರು ಕೇಳಲಿಲ್ಲ. ಹೊರಡುವ ಹೊತ್ತಿಗೆ ನಾನೇ ಬಾಯಿಬಿಟ್ಟೆ.

"ನಿಮ್ಮಲ್ಲಿ ಗೆದ್ದಲಿನ ಬಗ್ಗೆ ಕಲಿಸುವವರು ಇದ್ದಾರೆಯೇ, ಸರ್?"

"ಗೆದ್ದಲೇ? ಇಲ್ಲವೇ ಇಲ್ಲ. ನಾವು ಪ್ರತಿ ವರ್ಷ ಔಷಧಿ ಹೊಡೆಸುತ್ತೇವೆ" ಎಂದರು ಅವರು, ಹೆಮ್ಮೆಯಿಂದ.

ನಾನು ನಕ್ಕುಬಿಟ್ಟೆ. ಅವ್ವ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು.

ಗೆದ್ದಲಿನ ಹುಚ್ಚು ನನಗೆ ಸಣ್ಣವಳಿದ್ದಾಗ ಹಿಡಿದದ್ದು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒಂದು ದಿನ ಸುಮ್ಮನೆ ಬೆರಳು ಒತ್ತಿದೆ, ಬೆರಳು ಒಳಗೇ ಹೋಯಿತು. ಹೊರಗೆ ಹಬ್ಬಕ್ಕೆ ಬಳಿದ ಬಣ್ಣ ಹೊಚ್ಚ ಹೊಸದಾಗಿತ್ತು, ಒಳಗೆ ಕಟ್ಟಿಗೆಯೇ ಇರಲಿಲ್ಲ. ಕಣ್ಣಿಲ್ಲದ ಅಷ್ಟು ಸಣ್ಣ ಹುಳುಗಳು, ಬಣ್ಣವೊಂದನ್ನು ಬಿಟ್ಟು ಉಳಿದದ್ದನ್ನು ತಿನ್ನೋಣ ಎಂದು ತಮ್ಮತಮ್ಮೊಳಗೆ ಹೇಗೆ ಮಾತಾಡಿಕೊಂಡವು? ಮನೆಯವರೆಲ್ಲ ಹಾಳಾದ ಚೌಕಟ್ಟಿಗಾಗಿ ಅತ್ತರು. ನಾನು ಆ ಪ್ರಶ್ನೆ ಹಿಡಿದು ಕೂತೆ, ಅದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಹಳದಿಯಿಂದ ಇಳಿಯುವಾಗ ನಾನು ಸಿಟ್ಟಿನಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದೆ. ಗುಡ್ಡದ ನಡುವೆ ಒಂದು ದೊಡ್ಡ ಹುತ್ತವಿದೆ. ವಿಶ್ವವಿದ್ಯಾಲಯಗಳು ಏರಲಿ ಇಳಿಯಲಿ, ಹುತ್ತ ಇದ್ದಲ್ಲೇ ಇರುತ್ತದೆ, ಅವೇ ಅದನ್ನು ಸುತ್ತಿಕೊಂಡು ಹೋಗುತ್ತವೆ. ಅದರ ಪಕ್ಕ ಒಬ್ಬ ಹೆಂಗಸು ಚಾಪೆ ಹಾಸಿ ಬೋರಲಾಗಿ ಮಲಗಿ, ಹುತ್ತಕ್ಕೆ ಕಿವಿಗೊಟ್ಟಿದ್ದರು. ನೆರೆತ ಕೂದಲು, ಕಚ್ಚೆ ಸೀರೆ, ಹಸಿರು ಅಂಗೈ. ಹತ್ತಿರದಲ್ಲಿ ಒಬ್ಬ ಹುಡುಗಿ ಮಣ್ಣನ್ನು ಜರಡಿ ಹಿಡಿಯುತ್ತಿದ್ದಳು.

"ಸಪ್ಪಳ ಮಾಡಬ್ಯಾಡ. ಅವು ಒಳಗ ತಲಿ ಬಡ್ಯಾಕತ್ತಾವು" ಎಂದರು ಆ ಹೆಂಗಸು. ನಾನೂ ಕಿವಿಗೊಟ್ಟೆ. ಒಣ ಎಲೆಯ ಮೇಲೆ ಉಸುಕು ಉದುರಿದಂಥ ಸದ್ದು. ಗೆದ್ದಲಿನ ಕಾವಲುಹುಳುಗಳು ಅಪಾಯ ಕಂಡಾಗ ತಲೆಯನ್ನು ಗೋಡೆಗೆ ಬಡಿದು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ ಎಂದು ಅವರು ಹೇಳಿದಾಗ ನನ್ನ ಮೈ ಜುಮ್ಮೆಂದಿತು. ಅವರು ಹಸಿರು ವಿಶ್ವವಿದ್ಯಾಲಯದಲ್ಲಿ ಕಲಿಸುವ ತಾರಾಬಾಯಿ ಅಕ್ಕೋರು. ಹುತ್ತ ಕದಲುವುದಿಲ್ಲವಾದ್ದರಿಂದ ಪಾಠ ಇಲ್ಲೇ. ಹುಡುಗಿ ಜೈನಬಿ, ಅವರ ವಿದ್ಯಾರ್ಥಿನಿ.

"ನಾ ನಿಮ್ಮ ಬಾಗಲಾನ ಮುಟ್ಟತೀನ್ರಿ, ಅಕ್ಕೋರ" ಎಂದೆ ಕೂತಲ್ಲಿಂದಲೇ.

ಅವರು ಎದ್ದು ಕೂತು ಸೀರೆಯ ಮಣ್ಣು ಕೊಡವಿದರು. "ನನ್ನ ನೋಡಿ ಮುಟ್ಟಬ್ಯಾಡ. ನಾ ಇನ್ನ ಸ್ವಲ್ಪ ವರ್ಷಕ್ಕ ನೌಕರಿ ಮುಗಿಸಿ ಮನೀಗೆ ಹೋಗಾಕಿ. ಆಮ್ಯಾಲ ಯಾರು ಕಲಸ್ತಾರ ಅಂತ ಕೇಳು. ಕಲಿಯೋರನ್ನ ಕೇಳು. ಬಿಟ್ಟು ಹೋದವರನ್ನೂ ಕೇಳು, ಅವರಿಗೆ ಸುಳ್ಳ ಹೇಳೂ ಗರಜ ಇರೂದಿಲ್ಲ. ಏಳೂ ಕಡೆ ಕೇಳು. ದೂರದ ಗುಡ್ಡ ನುಣ್ಣಗ ಅಂತಾರಲ್ಲ, ಹತ್ರದ್ದೂ ಒಮ್ಮೊಮ್ಮೆ ನುಣ್ಣಗ ಕಾಣತೈತಿ."

ನಾನು ಜೈನಬಿಯ ಕಡೆ ತಿರುಗಿದೆ. ಅವಳು ಜರಡಿ ನಿಲ್ಲಿಸದೆಯೇ ಹೇಳಿದಳು: "ಸೂರು ಸೋರತೈತಿ. ಗ್ರಂಥಾಲಯದಾಗ ಪುಸ್ತಕ ಅದಾವು, ದೀಪ ಇಲ್ಲ. ಕಲ್ತ ಮ್ಯಾಲ ಯಾರೂ ಕುರ್ಚಿ ಕೊಡಂಗಿಲ್ಲ."

"ಮತ್ತ ನೀ ಯಾಕ ಅದಿ?"

"ಕೇಳಿದ್ದಕ್ಕ ಉತ್ತರ ಸಿಗತೈತಿ. ಸಿಗಲಿಲ್ಲಂದ್ರ ಅಕ್ಕೋರು ನನ್ನ ಕೂಡ ಕುಂತು ಹುಡುಕ್ತಾರ."

ಆ ದಿನದಿಂದ ನನ್ನ ತಿರುಗಾಟ ಶುರುವಾಯಿತು. ಕೆಂಪು ವಿಶ್ವವಿದ್ಯಾಲಯದ ಹಿಂದಿನ ಸಾಲಿನಲ್ಲಿ ಕದ್ದು ಕೂತೆ. ಮಾಸ್ತರರು ಹಳೆಯ ಹಾಳೆ ಓದಿದರು, ಹುಡುಗರು ನಿದ್ದೆ ಮಾಡಿದರು, ಇಬ್ಬರೂ ಪರಸ್ಪರ ತೊಂದರೆ ಕೊಡಲಿಲ್ಲ. ನೀಲಿಯ ಊಟದ ಮನೆಯಲ್ಲಿ ಜೋಳದ ರೊಟ್ಟಿ, ಝುಣಕ ತಿಂದೆ, ರುಚಿ ಈಗಲೂ ನಾಲಗೆಯ ಮೇಲಿದೆ. ಅಲ್ಲಿನ ಮಾಸ್ತರರು ಒಳ್ಳೆಯವರೇ, ಆದರೆ ಗುಡ್ಡ ಏರುವ ಗಡಿಬಿಡಿಯಲ್ಲಿ ಒಬ್ಬರ ಹೆಸರೂ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹಳದಿಯನ್ನು ನಡುವೆ ಬಿಟ್ಟು ಬಂದ ಹುಡುಗನೊಬ್ಬ ಬಳೆ ಅಂಗಡಿಯಲ್ಲಿದ್ದ, ಅವನು ಒಂದು ಗಂಟೆ ಮಾತಾಡಿದ, ಅದರಲ್ಲಿ ಗಾಜನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಹಸಿರನ್ನು ಬಿಟ್ಟು ಬಂದವಳು ಮಾತ್ರ, "ಮಳಿಗಾಲದಾಗ ಹಾಸಿಗಿ ತೋಯ್ದು ಜ್ವರ ಬಂತು, ಬಿಟ್ಟೆ. ಬಿಟ್ಟದ್ದು ತಪ್ಪಾತು ಅನ್ನಸ್ತೈತಿ" ಎಂದು ಕಣ್ಣು ಒರೆಸಿಕೊಂಡಳು. ಕೇಳಿದಷ್ಟೂ ತಲೆ ಕೆಟ್ಟಿತು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಸಂಜೆ ಮನೆಗೆ ಬಂದು ಕಾಕಾನ ಗೋಡೆ ನೋಡುತ್ತಿದ್ದೆ. ನಾನೂ ಗೆರೆ ಎಳೆಯುವವಳೇ ಆಗಿಬಿಡುತ್ತೇನೆಯೇ ಎಂದು ಹೆದರುತ್ತಿದ್ದೆ.

ಪಂಚಮಿಯ ಹಿಂದಿನ ದಿನ ಅವ್ವ ಉಂಡಿ ಕಟ್ಟುತ್ತಿದ್ದಳು. ನಾನು ಹಿತ್ತಲಿಗೆ ಹೋದೆ. ಅಪ್ಪ ಕಾಲುವೆ ಸರಿಮಾಡುತ್ತಿದ್ದ.

"ಅಪ್ಪಾ, ನಾ ಹಸರ ಬಾಗಲ ಮುಟ್ಟತೀನಿ. ಹುತ್ತದ ಅಕ್ಕೋರ ಹತ್ರ ಹುಳದ ಪಾಠ ಕಲೀತೀನಿ."

ಅಪ್ಪ ಗುದ್ದಲಿ ಇಟ್ಟು ನನ್ನ ಮುಖಕ್ಕೆ ಅಂಗೈ ಹಿಡಿದ. ಅಷ್ಟು ಹತ್ತಿರದಿಂದ ನಾನು ಅದನ್ನು ಎಂದೂ ನೋಡಿರಲಿಲ್ಲ. ಕಿಸೆಯ ಕತ್ತಲೆಯಲ್ಲಿದ್ದು ಇದ್ದು ಬಣ್ಣ ಪಾಚಿಯ ಹಾಗೆ ಮಂಕಾಗಿತ್ತು.

"ನೋಡು, ಛಂದಂಗ ನೋಡು. ಈ ಕೈ ಕಂಡ್ರ ಟೋಕನ್ ಇಸ್ಕೊಳ್ಳಾಕೂ ಮಂದಿ ಮಾರಿ ತಿರಗಸ್ತಾರ. ನಿನಗೂ ಇದ ಬೇಕೇನು?"

"ನೀ ಮುಟ್ಟೂ ಮುಂದ ಏನೇನ ಕೇಳಿದ್ದಿ, ಅಪ್ಪಾ?"

"ಕೇಳೂದೇನು? ತುದಿಯೊಳಗಿತ್ತು. ಎಲ್ಲಾರಿಗೂ ಕಾಣತಿತ್ತು."

"ನಿನಗ ಏನ ಕಲೀಬೇಕಿತ್ತು?"

ಅಪ್ಪ ಅದೇ ಕೈಯಿಂದ ಕಾಲುವೆಯ ನೀರು ತೋರಿಸಿದ. "ಇದ. ನೀರ ಹರಸೂದು. ಕಾಲುವಿ, ತೂಬು, ಏರಿ. ಒಳಗ ಹೋದ ಮ್ಯಾಲ ಗೊತ್ತಾತು, ಅದನ್ನ ಕಲಸವ್ರು ಅಲ್ಲಿ ಯಾರೂ ಇರಲಿಲ್ಲ. ಇದ್ದದ್ದ ಕಲ್ತು ಬಂದೆ. ನೀರಿನ ಕಚೇರ್ಯಾಗ ದೊಡ್ಡ ಕುರ್ಚಿ ಕೊಟ್ರು, ನನಗ ನೀರಂದ್ರ ಏನಂತ ಗೊತ್ತಿರಲಿಲ್ಲ." ಆಮೇಲೆ ತನ್ನ ದನಿ ಮೆತ್ತಗಾದದ್ದು ತನಗೇ ಸೇರದವನ ಹಾಗೆ ಎದ್ದು ನಿಂತ. "ನಾಳೆ ಹಳದಿ. ಮಾತ ಮುಗೀತು."

ನನಗೆ ಅಳು ಬಂತು, ಸಿಟ್ಟೂ ಬಂತು. ಅಪ್ಪನ ಮೇಲೆ ಬಂದ ಸಿಟ್ಟಿಗಿಂತ, ಅವನ ಹೆದರಿಕೆ ನನಗೆ ಅರ್ಥವಾಗುತ್ತಿದೆಯಲ್ಲ ಎಂಬುದರ ಮೇಲೆ ಬಂದ ಸಿಟ್ಟೇ ಹೆಚ್ಚು.

ಪಂಚಮಿಯ ಬೆಳಗ್ಗೆ ಹುಡುಗಿಯರೆಲ್ಲ ಜೋಕಾಲಿ ಆಡುತ್ತಿದ್ದರೆ ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡು ಗುಡ್ಡ ಹತ್ತಿಸುತ್ತಿದ್ದ. ಕಾಕಾ ಹಿಂದೆ. ಊರಿನ ಅರ್ಧ ಜನ ಮಕ್ಕಳನ್ನು ಎಳೆದುಕೊಂಡು ಅದೇ ದಾರಿಯಲ್ಲಿದ್ದರು. ಹುತ್ತದ ಹತ್ತಿರ ಹಾಲಿನ ಗಿಂಡಿ ಹಿಡಿದ ಹೆಂಗಸರಿಗೆ ತಾರಾಬಾಯಿ ಅಕ್ಕೋರು ಕೋಲು ಹಿಡಿದು ಅಡ್ಡ ನಿಂತು, "ಹಾಲ ಬಟ್ಟಲದಾಗ ಇಡ್ರಿ, ಒಳಗ ಸುರೀಬ್ಯಾಡ್ರಿ, ಮುಳಗಿ ಸಾಯ್ತಾವು!" ಎಂದು ಗದರುತ್ತಿದ್ದರು. ನನ್ನನ್ನು ನೋಡಿದರು, ಅಪ್ಪ ಹಿಡಿದಿದ್ದ ಮಣಿಕಟ್ಟನ್ನೂ ನೋಡಿದರು.

ಅಷ್ಟರಲ್ಲಿ ನೆಲ ನಡುಗಿತು.

ತುದಿಯಲ್ಲಿ ಹಳದಿಯ ಹಿಂಭಾಗ ಎದ್ದಿತು. ಗಾಜೆಲ್ಲ ಝಣಝಣ ಎನ್ನುತ್ತ ಅದು ನಮ್ಮ ಎದುರೇ ಇಳಿದು ಬಂದು, ನಾವು ಬದಿಗೆ ಸರಿಯುವಷ್ಟರಲ್ಲಿ ನಮ್ಮನ್ನು ದಾಟಿ ಕೆಳಗೆ ಹೋಯಿತು. ನೀಲಿ ಮೇಲಕ್ಕೆ ಹೊರಟಿತು. ಕೆಂಪು ಅದರ ಬೆನ್ನಿಗೆ. ಜನ ಮೇಲಕ್ಕೆ ಓಡಿದರು, ಕೆಳಕ್ಕೆ ಓಡಿದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. "ನೀಲಿ! ನಾ ಹೇಳಿದ್ನಿಲ್ಲೋ, ನೀಲಿ!" ಎಂದು ಕಾಕಾ ನಾಲ್ಕು ಹೆಜ್ಜೆ ಮೇಲಕ್ಕೆ ಹೋದ. ಆಮೇಲೆ, "ತಡೀರಿ, ಇನ್ನೂ ನಿಂತಿಲ್ಲ" ಎಂದು ಎರಡು ಹೆಜ್ಜೆ ಹಿಂದಕ್ಕೆ ಬಂದ. ಅಪ್ಪ ನನ್ನನ್ನು ಎಳೆದುಕೊಂಡು ಮೇಲಕ್ಕೆ, ನೀಲಿಯ ಕಡೆ ತಿರುಗಿದ.

ಆಗ ಕೆಳಗಿನಿಂದ ನಗು ಕೇಳಿತು. ಎಲ್ಲರೂ ತಿರುಗಿ ನೋಡಿದರು. ನಮ್ಮ ಹಿತ್ತಲಿನ ಆಚೆಯಿಂದ ಹಸಿರು ಎದ್ದು, ಗುಡ್ಡವನ್ನೇ ಬಿಟ್ಟು ಹೊರಟಿತ್ತು. ಬಸ್ ನಿಲ್ದಾಣ ದಾಟಿತು, ಬಸ್ಸುಗಳು ಹಾರ್ನ್ ಹೊಡೆದವು. ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲೇ ಹಾದು, ಇಟ್ಟಿಗೆ ಭಟ್ಟಿಗಳ ಆಚೆ ಬೂದಿ ಬಯಲಿಗೆ ಹೋಗಿ ಕೂತಿತು. ಗುಡ್ಡದಿಂದಲೇ ಇಳಿದುಹೋದ ವಿಶ್ವವಿದ್ಯಾಲಯವನ್ನು ನಮ್ಮೂರು ಅದಕ್ಕೂ ಮೊದಲು ನೋಡಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು.

ಅಪ್ಪನ ಮುಖ ಸುಣ್ಣದಂತಾಯಿತು. ನಾಳೆಯಿಂದ ಟೋಕನ್ನಿನ ಕೆಲಸವೂ ಇರುವುದಿಲ್ಲ ಎಂದು ಅವನಿಗೆ ಆ ಕ್ಷಣವೇ ಗೊತ್ತಾಗಿರಬೇಕು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ನಾನು ಓಡಿದೆ.

ನನಗೆ ಖಾತ್ರಿ ಇತ್ತು ಎಂದರೆ ಸುಳ್ಳಾಗುತ್ತದೆ. ಓಡುವಾಗಲೂ ಗಾಜು, ಜ್ವರ, ಸೋರುವ ಸೂರು, ನೀಲಿಯ ಝುಣಕ ಎಲ್ಲ ತಲೆಯಲ್ಲಿ ಕಲಸಿಹೋಗಿದ್ದವು. ಆದರೆ ಕೇಳುವುದನ್ನೆಲ್ಲ ಕೇಳಿ ಮುಗಿಸಿದ್ದೆ. ಇನ್ನೂ ತಡೆದರೆ ಉಳಿಯುವುದು ಕಾಕಾನ ಗೆರೆ ಮಾತ್ರ. ಹಿಂದೆ ಯಾರೋ ಏದುಸಿರು ಬಿಡುತ್ತ ಬರುತ್ತಿದ್ದರು. ಅಪ್ಪನೇ ಇರಬೇಕು, ತಡೆಯಲು ಬರುತ್ತಿದ್ದಾನೆ ಎಂದುಕೊಂಡು ಇನ್ನೂ ಜೋರಾಗಿ ಓಡಿದೆ.

ಬೂದಿ ಬಯಲಿನಲ್ಲಿ ಹಸಿರು ಬಾಗಿಲು ಸ್ವಲ್ಪ ವಾಲಿ ನಿಂತಿತ್ತು. ಬಾಗಿಲು ಕಾಯುವ ದುರ್ಗಪ್ಪ ಕಟ್ಟೆಯ ಮೇಲೆ ಕೂತು, ಮೀಸೆಯ ಮೇಲಿನ ಬೂದಿ ಒರೆಸಿಕೊಂಡು, ಎಳ್ಳುಂಡಿ ತಿನ್ನುತ್ತಿದ್ದ. ನಾನು ಕೈ ಎತ್ತಿದೆ. ಅಪ್ಪ ಬಂದು ಪಕ್ಕದಲ್ಲಿ ನಿಂತ. ಅವನು ನನ್ನ ಕೈ ಹಿಡಿಯಲಿಲ್ಲ. ಉಸಿರು ಸಿಕ್ಕಿದ ಮೇಲೆ ದುರ್ಗಪ್ಪನ ಕಡೆ ತಿರುಗಿದ.

"ಆ ಹುತ್ತದ ಅಕ್ಕೋರು ಮನೀಗೆ ಹೋದ ಮ್ಯಾಲ ಹುಳದ ಪಾಠ ಯಾರ ಹೇಳ್ತಾರ?"

"ಜೈನಬಿ ಅಂತ ಒಬ್ಬಾಕಿ ತಯಾರಾಗಾಕತ್ತಾಳ್ರಿ."

"ಸೂರು?"

"ಸೋರತೈತ್ರಿ. ಸುಳ್ಳ ಯಾಕ ಹೇಳ್ಲಿ?"

ಗುಡ್ಡದ ಮೇಲೆ ಇನ್ನೂ ಕೂಗಾಟ ನಡೆದಿತ್ತು. ಸೂರ್ಯ ನೆತ್ತಿಗೆ ಬಂದಿದ್ದ. ಅಪ್ಪ ಮತ್ತೆ ಬಾಯಿಬಿಟ್ಟಾಗ ಅವನ ದನಿ ನನಗೆ ಗುರುತೇ ಸಿಗಲಿಲ್ಲ. ಅಂಗಡಿಯಲ್ಲಿ ಸಾಲ ಕೇಳುವವನ ಹಾಗೆ ಕೇಳಿದ.

"ಕಾಲುವಿ ವಿದ್ಯಾ ಕಲಸವ್ರು ಯಾರರ ಬಂದಾರೇನು?"

"ಅದ ಬಂದು ಭಾಳ ವರ್ಷ ಆತಲ್ರಿ, ಗುರುಸಿದ್ದಪ್ಪನವರ" ಎಂದ ದುರ್ಗಪ್ಪ, ಉಂಡಿ ನುಂಗಿ. "ಹಿಂದಿನ ಖೋಲಿ. ನಿಮ್ಮ ಹಿತ್ತಲ ಗ್ವಾಡಿಗೆ ಹತ್ತಿಕೊಂಡ ಇತ್ತಲ್ಲ, ಅದ. ದಿನಾ ಪಾಠ ನಡೀತಿತ್ತು. ನಿಮಗ ಕೇಳಿಸ್ತಿರಲಿಲ್ಲೇನ್ರಿ?"

ಅಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ನಾನು ಬಾಗಿಲಿಗೆ ಕೈ ಒತ್ತಿದೆ. ಬಣ್ಣ ತಣ್ಣಗಿತ್ತು. ತೆಗೆದು ನೋಡಿಕೊಂಡರೆ ಅಂಗೈ ಎಳೆ ಹುಣಸೆ ಎಲೆಯ ಹಸಿರು. ಹೆದರಿಕೆ ಹೋಗಿರಲಿಲ್ಲ, ಆದರೆ ಅದು ಈಗ ನನ್ನದೇ ಹೆದರಿಕೆಯಾಗಿತ್ತು. ಅಪ್ಪ ಬಯ್ಯುತ್ತಾನೋ, ಅಳುತ್ತಾನೋ ಎಂದು ತಿರುಗಿದೆ.

ಅಪ್ಪ ಎದ್ದ. ಕಿಸೆಯಿಂದ ಬಲಗೈ ತೆಗೆದ. ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ಜನ ನೋಡುವ ಹಾಗೆ ಆ ಕೈ ಹೊರಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಮಂಕು ಅಂಗೈಯನ್ನು ಅವನು ನನ್ನ ಕೈಗುರುತಿನ ಪಕ್ಕದಲ್ಲೇ ಬಾಗಿಲಿಗೆ ಒತ್ತಿ, ಬಹಳ ಹೊತ್ತು ಹಾಗೆಯೇ ಹಿಡಿದ.

"ನೀ ಮೊದಲ ಒಮ್ಮೆ ಮುಟ್ಟೀಯಲ್ಲ, ಅಪ್ಪಾ" ಎಂದೆ.

"ಅವಾಗ ನೋಡಿ ಮುಟ್ಟಿದ್ದೆ, ಗಂಗವ್ವಾ" ಎಂದ ಅಪ್ಪ. "ಈ ಸಲ ಕೇಳಿ ಮುಟ್ಟೀನಿ."